ಪರಸ್ಪರ ಲಾಭದ ಸಹಕಾರ

ಆಟಿ ತಿಂಗಳ ಒಂದು ಭಾನುವಾರ, ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಕೂತು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ನಿರ್ಣಯವೊಂದನ್ನು ಪಾಠಕ್ಕಾಗಿ ಕನ್ನಡಕ್ಕೆ ತರುತ್ತಿದ್ದೆ. ಉಡುಪಿಯ ನನ್ನ ವಿದ್ಯಾರ್ಥಿಗಳು ಇಂಗ್ಲಿಷ್ ದಸ್ತಾವೇಜುಗಳನ್ನು ಓದಬಲ್ಲರು. ಆದರೆ ಅವುಗಳ ಮೇಲೆ ಜಗಳವಾಡಬೇಕಾದರೆ ಅವರಿಗೆ ಕನ್ನಡವೇ ಬೇಕು.

2018ರ ಮಾರ್ಚ್‌ನಲ್ಲಿ ಚೀನಾ ಮಂಡಿಸಿದ ನಿರ್ಣಯವದು. ‘ಮಾನವ ಹಕ್ಕುಗಳ ಕ್ಷೇತ್ರದಲ್ಲಿ ಪರಸ್ಪರ ಲಾಭದಾಯಕ ಸಹಕಾರದ ಉತ್ತೇಜನ’ ಎಂದು ಶೀರ್ಷಿಕೆ ಬರೆದು, ಕಿವಿಗೆ ಹೇಗೆ ಕೇಳುತ್ತದೆಂದು ಗಟ್ಟಿಯಾಗಿ ಓದಿದೆ. ಕೃಷಿ ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದ ಅಪ್ಪಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು: “ಇದೆಂತ, ಸೊಸೈಟಿಯ ಬೈಲಾವಾ? ಲಾಭ ಅಂದ ಮೇಲೆ ಯಾರ ಪಾಲು ಎಷ್ಟು ಅಂತ ಬರೀಬೇಕಲ್ಲ ಮಾರಾಯ?”

ನಗು ಬಂತು, ಆದರೆ ಪುಟಗಳನ್ನು ಮತ್ತೆ ತಿರುವಿ ನೋಡಿದಾಗ ಅವರ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಮಾನವ ಹಕ್ಕು ಎಂದರೆ ಪ್ರಜೆಯೊಬ್ಬ ತನ್ನದೇ ಸರ್ಕಾರದ ಎದುರು ನಿಂತು ಕೇಳುವ ಹಕ್ಕು ಎಂದು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಈ ನಿರ್ಣಯದಲ್ಲಾದರೋ ಸಹಕರಿಸುವವರಿಬ್ಬರೂ ಸರ್ಕಾರಗಳೇ, ದೂರು ಕೊಡುವವನಿಗೆ ಕೂರಲು ಜಾಗವೇ ಇದ್ದಂತಿಲ್ಲ. ಮಾತುಕತೆ, ತಾಂತ್ರಿಕ ನೆರವು, ಮನುಕುಲದ ಹಂಚಿಕೊಂಡ ಭವಿಷ್ಯ: ಬಿಡಿಬಿಡಿಯಾಗಿ ಯಾವ ಪದಕ್ಕೂ ಆಕ್ಷೇಪ ಎತ್ತುವುದು ಕಷ್ಟ. ಬಲಿಷ್ಠ ರಾಷ್ಟ್ರ ನಿಯಮವನ್ನು ಮುರಿಯಲೇಬೇಕೆಂದಿಲ್ಲ, ನಿಯಮದ ಭಾಷೆ ತನ್ನದಾದರೆ ಅದಕ್ಕೆ ಸಾಕು. ಒಮ್ಮೆ ಅಂಗೀಕಾರವಾದ ಪದವನ್ನು ಮುಂದಿನ ನಿರ್ಣಯಗಳಲ್ಲಿ ಪೂರ್ವನಿದರ್ಶನವೆಂದು ತೋರಿಸಬಹುದು. (ಪದ ಬದಲಿಸುವುದೆಲ್ಲ ಕೆಡುಕಲ್ಲ ಎಂಬುದೂ ನಿಜ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ‘ಎಲ್ಲ ಪುರುಷರು’ ಎಂದು ಓದಿಕೊಳ್ಳಬಹುದಾಗಿದ್ದ ಕಡೆ ‘ಎಲ್ಲ ಮಾನವರು’ ಎಂದಾದುದರ ಹಿಂದೆ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ ಇದ್ದರು.)

“ವೋಟು ಹೇಗೆ ಬಿತ್ತು?” ಎಂದರು ಅಪ್ಪಯ್ಯ. ಪರ 28, ವಿರುದ್ಧ 1, ತಟಸ್ಥ 17 ಎಂದೆ. ವಿರೋಧಿಸಿದ ಆ ಒಂದು ದೇಶ ಅಮೆರಿಕ. ಮೂರೇ ತಿಂಗಳಲ್ಲಿ ಅದು ಮಂಡಳಿಯಿಂದಲೇ ಹೊರನಡೆಯಿತು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1995ರಲ್ಲಿ ಸಹಿ ಹಾಕಿ ಇಂದಿಗೂ ಅನುಮೋದಿಸದ ದೇಶವೂ ಅದೇ ಆದುದರಿಂದ, ಅದನ್ನು ಕಥಾನಾಯಕನೆಂದು ವಿದ್ಯಾರ್ಥಿಗಳಿಗೆ ಪರಿಚಯಿಸಲು ನನಗೆ ಬಾಯಿ ಬರುವುದಿಲ್ಲ.

ಅದೇ ಮಂಡಳಿಯ 2022ರ ಅಕ್ಟೋಬರಿನ ಮತದಾನವನ್ನೂ ಹೇಳಿದೆ. ಚೀನಾದ ಷಿನ್‌ಜಿಯಾಂಗ್‌ನ ಉಯ್ಘರ್ ಮುಸ್ಲಿಮರ ಸ್ಥಿತಿಯ ಕುರಿತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ವರದಿ ಕೊಟ್ಟಿತ್ತು. ಅದರ ಮೇಲೆ ಚರ್ಚೆಯಾಗಲಿ ಎಂಬಷ್ಟೇ ಪ್ರಸ್ತಾಪ 17ಕ್ಕೆ 19 ಮತಗಳಿಂದ ಬಿದ್ದುಹೋಯಿತು, 11 ದೇಶಗಳು ತಟಸ್ಥವಾಗಿದ್ದವು.

“ನಮ್ಮವರು?”

“ಹನ್ನೊಂದರಲ್ಲಿ.”

ಅಪ್ಪಯ್ಯ ಅಡಿಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. “ನಮ್ಮ ಮಹಾಸಭೆಯಲ್ಲೂ ದೊಡ್ಡ ಸಾಲಗಾರನ ಹೆಸರು ಬಂದ ಕೂಡಲೇ ಅರ್ಧ ಜನ ಚಾ ಕುಡೀಲಿಕ್ಕೆ ಎದ್ದು ಹೋಗ್ತಿದ್ರು. ನಾನು ಮಿನಿಟ್ಸ್‌ನಲ್ಲಿ ಸರ್ವಾನುಮತ ಅಂತ ಬರೀತಿದ್ದೆ.”

ಅವರು ಅದನ್ನು ನಾಚಿಕೆಯಿಂದ ಹೇಳಿದರೋ ಹೆಮ್ಮೆಯಿಂದಲೋ ತಿಳಿಯಲಿಲ್ಲ. ಮೂಲದಲ್ಲಿಲ್ಲದ ಮಾತನ್ನು ಸೇರಿಸುವ ಹಕ್ಕು ಅನುವಾದಕರಿಗಿಲ್ಲವಾದ್ದರಿಂದ ಶೀರ್ಷಿಕೆಯನ್ನು ಬರೆದಂತೆಯೇ ಉಳಿಸಿದೆ. ಅದರ ಕೆಳಗೆ ಮತಗಳ ಲೆಕ್ಕವನ್ನು ಮಾತ್ರ, ತಟಸ್ಥರನ್ನೂ ಬಿಡದೆ, ದಪ್ಪ ಅಕ್ಷರದಲ್ಲಿ ಹಾಕಿದೆ.