ಅಮ್ಮ ನಿಂತ ತಿರುವು

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಸ್ಕ್ಯಾನಿಂಗ್‌ಗೆಂದು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನು ಬಿಲ್ ಕಟ್ಟಿ ಬರುವಷ್ಟರಲ್ಲಿ ಅವರು ಮುಂದೆ ನಡೆದು, ಕಾರಿಡಾರ್ ಎರಡಾಗಿ ಕವಲೊಡೆಯುವಲ್ಲಿ ಚೀಟಿ ಹಿಡಿದು ನಿಂತುಬಿಟ್ಟಿದ್ದರು. ತಲೆಯ ಮೇಲೆಯೇ ‘ವಿಕಿರಣಶಾಸ್ತ್ರ ವಿಭಾಗ’ ಎಂಬ ಫಲಕವಿತ್ತು, ಅಮ್ಮ ಅದನ್ನು ಓದಿಯೂ ಇದ್ದರು. ಆದರೆ ತಾವು ಹುಡುಕುತ್ತಿರುವ ಸ್ಕ್ಯಾನಿಂಗ್ ಅಲ್ಲಿಯೇ ಇದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಕಟ್ಟಡಗಳಿಗೆ ದಾರಿ ತೋರುವ ಫಲಕಗಳನ್ನು ವಿನ್ಯಾಸ ಮಾಡುವುದೇ ನನ್ನ ವೃತ್ತಿಯಾದ್ದರಿಂದ ಆ ನೋಟ ನನ್ನನ್ನು ಬಹಳ ಕಾಡಿತು. ನಮ್ಮ ಮಂಗಳೂರಿನ ಸಿಟಿ ಬಸ್ಸುಗಳ ಹಣೆಯ ಮೇಲೆ ‘ಸ್ಟೇಟ್ ಬ್ಯಾಂಕ್’ ಎಂದು ಬರೆದಿರುತ್ತದೆ. ಅದು ಬಸ್ ನಿಲ್ದಾಣ ಎಂದು ಯಾರೂ ವಿವರಿಸಬೇಕಿಲ್ಲ, ಏಕೆಂದರೆ ಆ ಹೆಸರು ಜನರ ಬಾಯಿಂದಲೇ ಬೋರ್ಡಿಗೆ ಬಂದದ್ದು. ಆಸ್ಪತ್ರೆಯಲ್ಲಿಯೂ ಚೀಟಿಯಲ್ಲಿರುವ ಪದ ಮತ್ತು ಫಲಕದಲ್ಲಿರುವ ಪದ ಒಂದೇ ಆಗಿರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನೊಂದು ತೊಡಕು ಅಕ್ಷರದ್ದು. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕು. ಆದರೆ ಜಾಗ ಕೊಟ್ಟ ಮಾತ್ರಕ್ಕೆ ಕನ್ನಡ ದೂರದಿಂದ ಕಾಣುವುದಿಲ್ಲ. ‘ಶಸ್ತ್ರಚಿಕಿತ್ಸೆ’ ಎಂಬ ಪದವನ್ನೇ ನೋಡಿ: ‘ಸ್ತ್ರ’ದಲ್ಲಿ ಸಕಾರಕ್ಕೆ ತಕಾರ, ರಕಾರಗಳ ಎರಡು ಒತ್ತುಗಳು ಅಂಟಿಕೊಂಡು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಹೊಂದಿಸಲೆಂದು ಇಡೀ ಪದವನ್ನು ಕುಗ್ಗಿಸಿದರೆ ಒತ್ತುಗಳು ಇಪ್ಪತ್ತು ಅಡಿ ದೂರದಿಂದ ಬರಿಯ ಚುಕ್ಕೆಗಳಾಗುತ್ತವೆ. ಹಾಗಾಗಿ ನಾನು ಒತ್ತಿಗೆ ಮೊದಲು ಜಾಗ ಬಿಟ್ಟು, ಆಮೇಲೆ ಫಲಕದ ಎತ್ತರವನ್ನು ನಿರ್ಧರಿಸುತ್ತೇನೆ.

ಕಾಸರಗೋಡಿನಿಂದ ಬರುವ, ಕನ್ನಡ ಓದಲು ಬಾರದ ರೋಗಿಗಳೂ ಇಲ್ಲಿ ಅನೇಕರಿದ್ದಾರೆ. ಅವರ ವಿಷಯ ಬಂದಾಗ ನನಗೆ ನೆನಪಾಗುವುದು 1969ರಲ್ಲಿ ಆರಂಭವಾದ ಮೆಕ್ಸಿಕೊ ನಗರದ ಮೆಟ್ರೊ. ಅದರ ಮೊದಲ ಮಾರ್ಗಗಳಲ್ಲಿ ಅಮೆರಿಕದ ವಿನ್ಯಾಸಕ ಲ್ಯಾನ್ಸ್ ವೈಮನ್ ಒಂದೊಂದು ನಿಲ್ದಾಣಕ್ಕೆ ಒಂದೊಂದು ಚಿತ್ರ ಕೊಟ್ಟರು. ಚಪುಲ್ತೆಪೆಕ್ ನಿಲ್ದಾಣದ್ದು ಮಿಡತೆ. ಅಂಥ ಚಿತ್ರ, ಅದರ ಜೊತೆಗೊಂದು ಬಣ್ಣ ಮತ್ತು ದೊಡ್ಡ ಅಂಕಿ ಇದ್ದರೆ ಓದು ಬಾರದವರೂ ಯಾರನ್ನೂ ಕೇಳದೆ ನಡೆಯಬಹುದು.

ಈಗ ಉಡುಪಿಯ ಒಂದು ಕಟ್ಟಡದ ಕೆಲಸ ಕೈಯಲ್ಲಿದೆ. ಫಲಕಗಳನ್ನು ಮೊದಲು ಕಾಗದದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ್ದೇವೆ. ಜನ ಎಲ್ಲಿ ಹೆಜ್ಜೆ ನಿಧಾನ ಮಾಡುತ್ತಾರೆ, ಎಲ್ಲಿ ತಿರುಗಿ ನೋಡುತ್ತಾರೆ ಎಂದು ಬೆಂಚಿನ ಮೇಲೆ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದೇನೆ. ನಿನ್ನೆ ಸಂಜೆ ಲಿಫ್ಟಿನ ಬಳಿಯ ಕಾಗದವನ್ನು ಕಿತ್ತು, ಆರು ಅಡಿ ಹಿಂದೆ, ಮೆಟ್ಟಿಲು ಹತ್ತಿ ಬಂದವರು ಉಸಿರು ಬಿಡಲು ನಿಲ್ಲುವಲ್ಲಿ ಅಂಟಿಸಿದೆವು.