ಸೆಳೆವಗಳು ಮಲಗುವ ಹೊತ್ತು

ಹದ್ದಿನ ಬಳಗದ ಸೆಳೆವ, ಅಂದರೆ ಹ್ಯಾರಿಯರ್ ಹಕ್ಕಿ, ಮರ ಬಿಟ್ಟು ನೆಲದ ಮೇಲೆ ಮಲಗುತ್ತದೆ ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಗುಜರಾತಿನ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನವಿರುವ ವೇಳಾವದರ್‌ನಲ್ಲಿ, ಡಿಸೆಂಬರ್‌ನ ಒಂದು ಸಂಜೆ.

ಅದಕ್ಕೂ ಹಿಂದಿನ ಸಂಜೆಯೇ ನೋಡಬೇಕಿತ್ತು. ನಾನೂ ತಮ್ಮನೂ ಭಾವನಗರದಲ್ಲಿ ಉಳಿದಿದ್ದೆವು. ಮೂರು ಗಂಟೆಗೆ ಬರ್ತೀನಿ ಅಂದಿದ್ದ ಟ್ಯಾಕ್ಸಿ ಬಂದಿದ್ದು ನಾಲ್ಕೂವರೆಗೆ. ಗೇಟ್ ಮುಟ್ಟುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಬೆಂಗಳೂರಿನಿಂದ ಅಷ್ಟು ದೂರ ಬಂದು ಗೇಟಿನಿಂದ ವಾಪಸ್ ಹೋದ ಸಂಕಟ ಇನ್ನೂ ಹೋಗಿಲ್ಲ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಪಾರ್ಕಿನ ಪಕ್ಕದಲ್ಲೇ ಉಳಿದುಕೊಳ್ಳಿ.

ಸುಮಾರು 34 ಚದರ ಕಿ.ಮೀ. ಹುಲ್ಲುಗಾವಲು. ಜನ ಬರುವುದು ಹೆಚ್ಚಾಗಿ ಕೃಷ್ಣಮೃಗ ನೋಡಲು. ಅವು ಬೇಕಾದಷ್ಟಿವೆ, ಚೆಂದವೂ ಹೌದು. ನನ್ನ ಕಣ್ಣೆಲ್ಲ ಆಕಾಶದಲ್ಲಿತ್ತು.

ಐದೂವರೆ ದಾಟಿದ ಮೇಲೆ ಮೊದಲನೆಯದು ಬಂತು. ರೆಕ್ಕೆ ಮೇಲೆತ್ತಿ ಹಿಡಿದು, ಹುಲ್ಲಿನ ತುದಿ ಸವರಿಕೊಂಡು. ಮಾಸಲು ಬಿಳಿ ಮೈ, ರೆಕ್ಕೆ ತುದಿಯಲ್ಲಿ ಮಸಿ ಹಚ್ಚಿದಂತೆ ಕಪ್ಪು. ಗಂಡು ಪ್ಯಾಲಿಡ್ ಹ್ಯಾರಿಯರ್. ಹಿಂದೆಯೇ ಕಂದು ಹೆಣ್ಣೊಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಆಮೇಲೆ ಎಲ್ಲ ದಿಕ್ಕಿನಿಂದಲೂ. ಒಂದು ಕೂತರೆ ಇನ್ನೊಂದು ಏಳುತ್ತದೆ, ಸುತ್ತು ಹಾಕುತ್ತದೆ, ಮತ್ತೆ ಹುಲ್ಲಿನೊಳಗೆ ಇಳಿದು ಮಾಯವಾಗುತ್ತದೆ. ಅರವತ್ಮೂರರವರೆಗೆ ಎಣಿಸಿದೆ. ಆಮೇಲೆ ಲೆಕ್ಕ ತಪ್ಪಿತು. ಹಿಂದೆ ಇಲ್ಲಿ ಒಂದೇ ಸಂಜೆ ಸಾವಿರಕ್ಕೂ ಮೀರಿ ಎಣಿಸಿದ್ದುಂಟು.

ಗೈಡ್ ಭಾಯಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹೆಬ್ಬೆರಳ ತುದಿಯಷ್ಟು ಒಣ ಉಂಡೆ. ಹ್ಯಾರಿಯರ್ ಕಕ್ಕಿದ್ದು. ಹತ್ತಿರ ಹಿಡಿದು ನೋಡಿದರೆ ಬರೀ ಮಿಡತೆ ಕಾಲುಗಳು, ಮುಳ್ಳು ಮುಳ್ಳಾಗಿ, ರೆಕ್ಕೆ ಚೂರುಗಳ ಜೊತೆ ಒತ್ತಿಕೊಂಡಿದ್ದವು.

"ನೋಡಿ ಬೆನ್ (ಅಕ್ಕಾ), ಸುತ್ತ ಎಲ್ಲಾ ಹತ್ತಿ ಹೊಲ," ಅಂದರು ಹಿಂದಿಯಲ್ಲಿ. "ಈ ಪಟ್ಟಾಯಿ (ಹ್ಯಾರಿಯರ್) ಮಿಡತೆ ತಿನ್ನುತ್ತೆ. ನಾವು ಅದೇ ಮಿಡತೆಗೆ ಔಷಧಿ ಹೊಡೀತೀವಿ. ಆಮೇಲೆ ಹಕ್ಕಿ ಯಾಕೆ ಕಮ್ಮಿ ಆಯ್ತು ಅಂತ ಕೇಳ್ತೀವಿ."

ಅವರಿಗೂ ಎರಡು ಎಕರೆ ಹತ್ತಿ ಇದೆಯಂತೆ. ಔಷಧಿ ಹೊಡೀತೀರಾ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಹೊಡೀಲೇಬೇಕಲ್ವಾ" ಅಂದರು.

ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಹ್ಯಾರಿಯರ್‌ಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ, ಅವು ಕಝಕಿಸ್ತಾನದ ಹುಲ್ಲುಗಾವಲಿಗೆ ಹೋಗಿಬರುವ ದಾರಿ ಗುರುತಿಸಿದ್ದಾರೆ ಅಂತ ಹೇಳಿದೆ. ನಮ್ಮ ಹೆಸರಘಟ್ಟಕ್ಕೂ ಚಳಿಗಾಲದಲ್ಲಿ ಇವು ಬರುತ್ತವೆ ಅಂದಾಗ ಅವರ ಮುಖ ಅರಳಿತು.

"ಅಲ್ಲೂ ಹೀಗೇ ಹುಲ್ಲಲ್ಲಿ ಮಲಗ್ತವಾ?"

ನಾನು ಹೋಗುವುದು ಬೆಳಗ್ಗೆ ಮಾತ್ರ, ಸಂಜೆ ನಿಂತು ನೋಡಿಯೇ ಇಲ್ಲ ಅಂದೆ.