ಇಂಡಿಗೊಬರ್ಡ್ ಧ್ವನಿಮುದ್ರಣ: ಏಳನೆಯ ವಾರ

ಲುಸಾಕಾ, ಜಾಂಬಿಯಾ, ಮಾರ್ಚ್ 9.

ಕೊನೆಗೂ ಗಾಳಿಯ ಸದ್ದಿಲ್ಲದ ನಾಲ್ಕು ನಿಮಿಷದ ಮುದ್ರಣ ಕೈಗೆ ಬಂದಿದೆ. ಮೈಕಿಗೆ ಹಳೆಯ ಉಣ್ಣೆಯ ಕಾಲುಚೀಲ ತೊಡಿಸಿ, ಬೆಳಿಗ್ಗೆ ಆರೂವರೆಗೇ ಹಿತ್ತಲಿಗೆ ಹೋಗಿ ಕುಳಿತೆ. ಒಣಗಿದ ಕೊಂಬೆಯ ತುದಿಯಲ್ಲಿ ಗಂಡು ಇಂಡಿಗೊಬರ್ಡ್, ಆಫ್ರಿಕಾದ ಆ ಪುಟ್ಟ ಹಾಡುಹಕ್ಕಿ, ಆಗಲೇ ಹಾಜರಿದ್ದ. ಗುಬ್ಬಿಗಿಂತ ಚಿಕ್ಕವನು, ನೀಲಿ ಮಿಂಚುವ ಕಪ್ಪು ಮೈ, ಕೆಂಪು ಕಾಲು. ಏಳು ವಾರಗಳಿಂದಲೂ ಅದೇ ಕೊಂಬೆ.

ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಹೆಣ್ಣು ತನ್ನ ಬಿಳಿ ಮೊಟ್ಟೆಗಳನ್ನು ಕೆಂಪು ಕೊಕ್ಕಿನ ಫೈರ್‌ಫಿಂಚ್ ಎಂಬ ಇನ್ನೊಂದು ಪುಟ್ಟ ಹಕ್ಕಿಯ ಗೂಡಿನಲ್ಲಿ ಇಟ್ಟು ಹೋಗುತ್ತದೆ. ಮರಿಯ ಬಾಯೊಳಗಿನ ಚುಕ್ಕೆಗಳು ಫೈರ್‌ಫಿಂಚ್ ಮರಿಯ ಚುಕ್ಕೆಗಳಂತೆಯೇ ಇರುವುದರಿಂದ ಸಾಕುತಾಯಿ ಭೇದವೆಣಿಸದೆ ಉಣಿಸುತ್ತದೆ. ಆ ಮನೆಯ ಮರಿಗಳನ್ನು ಇದು ಕೊಲ್ಲುವುದೂ ಇಲ್ಲ, ಹೊರದಬ್ಬುವುದೂ ಇಲ್ಲ; ಅವುಗಳ ಜೊತೆಗೇ ಬೆಳೆಯುತ್ತದೆ.

ಕೋಗಿಲೆಗೆ ನಮ್ಮ ಹಳೆಯ ಕವಿಗಳು ಪರಪುಟ್ಟ ಎಂದು ಹೆಸರಿಟ್ಟರು. ಆದರೆ ಬೆಳೆದ ಗಂಡು ಕೋಗಿಲೆಯ ಕುಹೂವಿನಲ್ಲಿ ಕಾಗೆಯ ಸುಳಿವೇ ಇರುವುದಿಲ್ಲ. ಇವನು ಹಾಗಲ್ಲ, ಸಾಕುತಂದೆಯ ಹಾಡನ್ನು ಕಲಿತು ಹಾಡುತ್ತಾನೆ. ಅದೇ ಹಾಡು ಕೇಳುತ್ತ ಬೆಳೆದ ಹೆಣ್ಣು ಅದನ್ನು ಗುರುತು ಹಿಡಿದು ಬರುತ್ತದೆ. ಹೆತ್ತವರ ಮುಖವನ್ನೇ ಕಾಣದ ಎರಡು ಹಕ್ಕಿಗಳು ಬೇರೊಬ್ಬರ ಮನೆಯ ಹಾಡು ಹಿಡಿದು ಪರಸ್ಪರ ಹುಡುಕಿಕೊಳ್ಳುತ್ತವೆ! ಇದನ್ನು ಕಣ್ಣಾರೆ ಕಾಣಬೇಕೆಂದೇ ಈ ಕೆಲಸಕ್ಕೆ ಕೈ ಹಾಕಿದ್ದು.

ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಮತ್ತು ಸಂಗಡಿಗರು ಇಂಡಿಗೊಬರ್ಡ್ ಮರಿಗಳನ್ನು ಬೆಂಗಾಲೀಸ್ ಫಿಂಚ್‌ಗಳ ಕೈಯಲ್ಲಿ ಸಾಕಿಸಿದ್ದರು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಂಡುಗಳು ಬೆಂಗಾಲೀಸ್ ಫಿಂಚ್‌ನಂತೆಯೇ ಹಾಡಿದವು. ಹಾಗೆ ಬೆಳೆದ ಹೆಣ್ಣುಗಳು ಅದೇ ಹಾಡನ್ನು ಮೆಚ್ಚಿ, ಆ ಫಿಂಚ್‌ನ ಗೂಡಿನಲ್ಲಿಯೇ ಮೊಟ್ಟೆಯಿಟ್ಟವು ಎಂಬ ವರದಿ 2000ದಲ್ಲಿ ಬಂತು. ಬೆಂಗಾಲೀಸ್ ಫಿಂಚ್ ಎಂದರೆ ನಮ್ಮ ಮಲೆನಾಡಿನಲ್ಲೂ ಕಾಣುವ ಬಿಳಿ ಬೆನ್ನಿನ ರಾಟವಾಳದ ಸಾಕಿದ ರೂಪ. ಇದನ್ನು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇಂದಿನ ಕೆಲಸ: ಮುದ್ರಣವನ್ನು ಕಂಪ್ಯೂಟರಿನಲ್ಲಿ ಧ್ವನಿಚಿತ್ರವಾಗಿ, ಅಂದರೆ ದನಿಯನ್ನು ಗೆರೆಗಳಾಗಿ ತೋರಿಸುವ ಚಿತ್ರವಾಗಿ, ತೆರೆದೆ. ಮೊದಲು ಇವನ ಸ್ವಂತ ಕರ್ಕಶ ಚಟಪಟ, ಪರದೆಯ ತುಂಬ ಇದ್ದಿಲು ಉಜ್ಜಿದಂತೆ. ನಡುವೆ ಒಮ್ಮೆಲೇ ಶುಚಿಯಾದ ಜಾಗ. ಅಲ್ಲಿ ‘ಚಿಕ್’ ಎಂಬ ನೆಟ್ಟನೆಯ ಗೀರು, ಅದರ ಬೆನ್ನಿಗೆ ಮೂರು ತೆಳುವಾದ ಎಳೆಗಳು. ಕಳೆದ ತಿಂಗಳು ಅಡುಗೆಮನೆಯ ಮೆಟ್ಟಿಲ ಬಳಿ ಕಾಳು ಹೆಕ್ಕುತ್ತಿದ್ದ ಗಂಡು ಫೈರ್‌ಫಿಂಚ್‌ನ ಧ್ವನಿಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ಇಟ್ಟುಕೊಂಡಿದ್ದೆ. ಅದನ್ನು ಪರದೆಗೆ ಒತ್ತಿ ಹಿಡಿದೆ. ಗೀರಿನ ಮೇಲೆ ಗೀರು ಕುಳಿತಿತು. ಮೂರನೆಯ ಎಳೆ ಮಾತ್ರ ಕೂದಲೆಳೆಯಷ್ಟು ಚಿಕ್ಕದು.

ಇಲ್ಲಿನ ಇತರ ಇಂಡಿಗೊಬರ್ಡ್ ಪ್ರಭೇದಗಳು ನೋಟಕ್ಕೆ ಬಹುತೇಕ ಒಂದೇ, ಆದರೆ ಅವುಗಳ ಸಾಕುಮನೆಗಳು ಬೇರೆ. ಹಾಗಾಗಿ ಬಣ್ಣಕ್ಕಿಂತ ಈ ಹಾಡನ್ನೇ ನಾನು ಹೆಚ್ಚು ನಂಬುತ್ತೇನೆ.

ರಸ್ತೆಯಾಚೆಯ ವಿದ್ಯುತ್ ತಂತಿಯ ಮೇಲೆ ಇನ್ನೊಬ್ಬ ಗಂಡು ಹಾಡುತ್ತಿದ್ದಾನೆ. ನೆರೆಹೊರೆಯ ಗಂಡುಗಳ ಚಟಪಟವೂ ಒಂದೇ ಧಾಟಿಯಲ್ಲಿರುತ್ತದೆಯಂತೆ. ಶನಿವಾರ ಅವನ ಸರದಿ. ಕಾಲುಚೀಲ ಒಗೆದು ಒಣಹಾಕಿದ್ದೇನೆ.